ಇನ್ಸುಲಿನ್ ಥೈರಾಯ್ಡ್ ಗ್ರಂಥಿಯ ಮೇಲೆ ನೇರವಾಗಿ ಕೆಲಸ ಮಾಡುತ್ತದೆಯೇ?

ರೇವತಿ: ಸ್ಟ್ರೆಪ್ಟೊಜೋಟೋಸಿನ್ ಎಂಬ ರಾಸಾಯನಿಕ ಚುಚ್ಚಿ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶಮಾಡಿದ ಇಲಿಗಳ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನುಗಳಾದ ಟಿ4, ಟಿ3 ಎರಡೂ ಇಳಿಯುತ್ತವೆ, ಇನ್ಸುಲಿನ್ ಕೊಟ್ಟರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಥೈರಾಯ್ಡ್ ಗ್ರಂಥಿಗೆ ಇನ್ಸುಲಿನ್ ಬೇಕೇ ಬೇಕು ಎನ್ನಲು ಇಷ್ಟು ಸಾಲದೇ?

ಮಹೇಶ: ಸಾಲದು, ರೇವತಿಯವರೇ. ಆ ಇಲಿಗಳು ಎಷ್ಟು ತಿಂದರೂ ದಿನೇ ದಿನೇ ಬಡಕಲಾಗುತ್ತವೆ, ಪಂಜರದ ಹಾಸು ಮೂತ್ರದಿಂದ ಸದಾ ಒದ್ದೆಯಾಗಿರುತ್ತದೆ. ಕೋಶಗಳ ಮಟ್ಟದಲ್ಲಿ ಅದು ಉಪವಾಸವೇ. ಆರೋಗ್ಯವಂತ ಇಲಿಯನ್ನು ಬರಿದೇ ಉಪವಾಸವಿಟ್ಟರೂ ಮೆದುಳಿನ ಹೈಪೋಥಲಾಮಸ್‌ನಲ್ಲಿ ಟಿಆರ್‌ಎಚ್ ಎಂಬ ಹಾರ್ಮೋನು ತಗ್ಗಿ, ಅದರ ಹಿಂದೆಯೇ ಥೈರಾಯ್ಡನ್ನು ಪ್ರಚೋದಿಸುವ ಪಿಟ್ಯುಟರಿ ಹಾರ್ಮೋನು ಟಿಎಸ್‌ಎಚ್ ಕುಗ್ಗಿ, ಥೈರಾಯ್ಡ್ ಹಾರ್ಮೋನುಗಳು ಇಳಿಯುತ್ತವೆ. ಟಿ4 ಅನ್ನು ಟಿ3 ಆಗಿ ಮಾರ್ಪಡಿಸುವ ಯಕೃತ್ತಿನ ಡಿಅಯೋಡಿನೇಸ್ ಕಿಣ್ವವೂ ಇನ್ಸುಲಿನ್ ಇಲ್ಲದಾಗ ಮಂಕಾಗುವುದರಿಂದ, ಟಿ3 ಕಡಿಮೆಯಾಯಿತೆಂದು ಗ್ರಂಥಿಯನ್ನೇ ದೂರುವುದು ಸರಿಯಲ್ಲ.

ಸುಧಾ: ಆದರೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಯಕೃತ್ತೂ ಇಲ್ಲ, ಹೈಪೋಥಲಾಮಸ್ಸೂ ಇಲ್ಲ. ನಾಯಿಯ ಥೈರಾಯ್ಡ್ ಕೋಶಗಳನ್ನು ಸೀರಂ (ರಕ್ತದ ತಿಳಿದ್ರವ) ಇಲ್ಲದ ದ್ರಾವಣದಲ್ಲಿಟ್ಟು ಟಿಎಸ್‌ಎಚ್ ಒಂದನ್ನೇ ಹಾಕಿದರೆ ಅವು ವಿಭಜನೆಗೆ ಮುಂದಾಗುವುದಿಲ್ಲ. ಇನ್ಸುಲಿನ್ ಜೊತೆಗಿದ್ದರೆ ಡಿಎನ್‌ಎ ನಕಲಾಗತೊಡಗುತ್ತದೆ. ಎಫ್‌ಆರ್‌ಟಿಎಲ್-5 ಎಂಬ ಇಲಿಯ ಥೈರಾಯ್ಡ್ ಕೋಶಗಳ ತಳಿಯಲ್ಲಿ, ಥೈರಾಯ್ಡ್ ಹಾರ್ಮೋನಿನ ಮೂಲ ಪ್ರೋಟೀನಾದ ಥೈರೋಗ್ಲೋಬ್ಯುಲಿನ್‌ನ ಜೀನ್ ಕೂಡ ಇನ್ಸುಲಿನ್‌ಗೆ ಸ್ಪಂದಿಸುತ್ತದೆ. ಇದನ್ನು ನೇರ ಪರಿಣಾಮವೆನ್ನದೆ ಇನ್ನೇನೆನ್ನೋಣ?

ಮಹೇಶ: ಪ್ರಮಾಣವನ್ನೂ ನೋಡಬೇಕಲ್ಲ, ಮೇಡಂ. ದ್ರಾವಣಕ್ಕೆ ನಾವು ಸುರಿಯುವುದು ಪ್ರತಿ ಮಿಲಿಲೀಟರಿಗೆ ಮೈಕ್ರೋಗ್ರಾಂಗಳ ಲೆಕ್ಕದಲ್ಲಿ, ರಕ್ತದಲ್ಲಿರುವುದೋ ನ್ಯಾನೋಗ್ರಾಂಗಳಷ್ಟು. ಅಷ್ಟೊಂದು ಇನ್ಸುಲಿನ್ ಇನ್ಸುಲಿನ್ನನ್ನೇ ಹೋಲುವ ಐಜಿಎಫ್-1 ಎಂಬ ಬೆಳವಣಿಗೆಯ ಅಂಶದ ಗ್ರಾಹಕಕ್ಕೂ (ಕೋಶದ ಮೇಲೆ ಅದು ಬಂದು ಕೂರುವ ಪ್ರೋಟೀನಿಗೂ) ಅಂಟಿಕೊಳ್ಳುತ್ತದೆ. ತಟ್ಟೆಯಲ್ಲಿ ಕಂಡದ್ದು ಐಜಿಎಫ್-1 ಮಾಡುವ ಕೆಲಸವೇ ಇರಬಹುದು.

ಸುಧಾ: ವಿಭಜನೆಯ ಮಟ್ಟಿಗೆ ಈ ಆಕ್ಷೇಪ ನ್ಯಾಯವಾದದ್ದೇ. ನನ್ನ ವಾದಕ್ಕೆ ತೊಡಕಾಗುವ ಇನ್ನೊಂದು ಸಂಗತಿಯನ್ನೂ ನಾನೇ ಹೇಳಿಬಿಡುತ್ತೇನೆ: ಅದೇ ಎಫ್‌ಆರ್‌ಟಿಎಲ್-5 ಕೋಶಗಳಲ್ಲಿ ಟಿಎಸ್‌ಎಚ್‌ನಿಂದ ಹೆಚ್ಚುವ, ಅಯೋಡೈಡನ್ನು ಕೋಶದೊಳಕ್ಕೆ ಸಾಗಿಸುವ ಪ್ರೋಟೀನನ್ನು ಐಜಿಎಫ್-1 ತಗ್ಗಿಸುತ್ತದೆ. ಹೀಗಾಗಿ ‘ಉತ್ತೇಜಿಸುತ್ತದೆ’ ಎಂಬ ಒಂದೇ ಪದ ಇಲ್ಲಿ ಸಲ್ಲದು. ಯಾವ ಕೆಲಸವನ್ನು ಎಂದು ಪ್ರತಿ ಸಲವೂ ಬಿಡಿಸಿ ಹೇಳಬೇಕಾಗುತ್ತದೆ.

ರೇವತಿ: ಹಾಗಾದರೆ ಜೀವಂತ ಪ್ರಾಣಿಯಲ್ಲಿ ಇದನ್ನು ಬೇರ್ಪಡಿಸಿ ನೋಡುವುದು ಹೇಗೆ?

ಮಹೇಶ: ಮಧುಮೇಹವಿಲ್ಲದ ಇಲಿಗಳ ಒಂದು ಗುಂಪಿಗೆ, ತೂಕ ರೋಗದ ಇಲಿಗಳಷ್ಟೇ ಇಳಿಯುವಂತೆ ಆಹಾರ ಕಡಿತ ಮಾಡಬೇಕು. ಮಧುಮೇಹವಿರುವ ಇನ್ನೊಂದು ಗುಂಪಿಗೆ ಇನ್ಸುಲಿನ್ ಬದಲು ಫ್ಲೋರಿಜಿನ್ ಕೊಟ್ಟು, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸಿ ರಕ್ತದ ಸಕ್ಕರೆಯನ್ನಷ್ಟೇ ತಗ್ಗಿಸಬೇಕು. ಈ ಎರಡೂ ಗುಂಪುಗಳ ಪಕ್ಕದಲ್ಲಿಟ್ಟು ನೋಡಿದ ಮೇಲೂ ಇನ್ಸುಲಿನ್ ಪಡೆದ ಇಲಿಗಳ ಗ್ರಂಥಿ ಬೇರೆಯಾಗಿ ವರ್ತಿಸಿದರೆ ನಿಮ್ಮ ಮಾತನ್ನು ಒಪ್ಪುತ್ತೇನೆ.