ಅಲಿಶಾನ್ ಊಲಾಂಗ್: ಪ್ಯಾಕೆಟ್‌ನಲ್ಲಿ ಘಮ, ಲೋಟದಲ್ಲಿ ಬರೀ ಒಗರು

ಹೊಸರುಚಿ:
ಆಫೀಸಿನ ಗೆಳತಿ ತೈವಾನ್‌ನಿಂದ ಅಲಿಶಾನ್ ಊಲಾಂಗ್ ಅನ್ನೋ ಟೀ ತಂದುಕೊಟ್ಟಳು. ಹಸಿರು ಗೋಲಿಗಳ ಹಾಗಿದೆ. ಪ್ಯಾಕೆಟ್ ತೆರೆದರೆ ಹೂವಿನ ಘಮ. ಎರಡು ಚಮಚ ಹಾಕಿ, ನಮ್ಮ ಟೀ ಹಾಗೇ ಐದು ನಿಮಿಷ ಕುದಿಸಿದೆ. ಬಾಯೆಲ್ಲ ಒಗರು. ಹಾಲು ಬೆರೆಸಿದರೆ ಹಾಲಿನ ರುಚಿ ಮಾತ್ರ. ಮಾಲೇ ಹಳೆಯದಾ?

ಕೆಟಲ್‌ಮನೆ:
ಅಯ್ಯೋ, ಕುದಿಸಬೇಡಿ! ನಮ್ಮ ಸಿಟಿಸಿ ಪುಡಿ, ಅಂದರೆ ಮನೆಯ ಮಾಮೂಲಿ ಕಾಳು ಕಾಳು ಟೀಪುಡಿ, ಹಾಲಿನಲ್ಲಿ ಕುದಿಯೋಕೆ ಸರಿ. ಊಲಾಂಗ್ ಗ್ರೀನ್ ಟೀಗೂ ಬ್ಲ್ಯಾಕ್ ಟೀಗೂ ನಡುವಿನದು. ಎಲೆ ಬಾಡಿಸಿ, ಅಲುಗಾಡಿಸಿ ಅಂಚು ನಲುಗಿಸುತ್ತಾರೆ. ಪೂರ್ತಿ ಕಪ್ಪಾಗುವ ಮೊದಲೇ ಬಿಸಿ ಕೊಟ್ಟು ತಡೆಯುತ್ತಾರೆ. ಘಮ ಹುಟ್ಟುವುದು ಅಲ್ಲೇ. ಕುದಿಸಿದರೆ ಅದು ಹಬೆಯ ಜೊತೆ ಹೋಗುತ್ತದೆ, ಒಗರು ಉಳಿಯುತ್ತದೆ.

150 ಮಿ.ಲೀ. ನೀರಿಗೆ 3 ಗ್ರಾಂ ಸಾಕು. ನೀರು 95 ಡಿಗ್ರಿ ಇರಲಿ. ಬೆಂಗಳೂರಿನವರಾದರೆ ಥರ್ಮಾಮೀಟರ್ ಬೇಡ, ಇಲ್ಲಿ ಎತ್ತರಕ್ಕೆ ನೀರು ಕುದಿಯುವುದೇ ಸುಮಾರು 97ಕ್ಕೆ. ಒಲೆ ಆರಿಸಿ ಸುರಿಯಿರಿ, ಮುಚ್ಚಿಡಿ, 2 ನಿಮಿಷಕ್ಕೆ ಸೋಸಿ. ಹಾಲು, ಸಕ್ಕರೆ ಬೇಡ.

ಹೊಸರುಚಿ:
ಒಗರು ಹೋಯಿತು, ಥ್ಯಾಂಕ್ಸ್. ಆದರೆ ಘಮ ಇಲ್ಲ. ಬಣ್ಣ ಮಂಕು, ಮೇಲೆ ಎಣ್ಣೆಯಂಥ ತೆಳು ಪದರ. ಜಾಲರಿ ಉಂಡೆಯೊಳಗೆ ಎಲೆ ತುಂಬಿ ಅದ್ದಿದ್ದೆ.

ಕೆಟಲ್‌ಮನೆ:
ಬೋರ್ ನೀರಾ? ಕೆಟಲ್ ತಳದಲ್ಲಿ ಬಿಳಿ ಸುಣ್ಣ ಕಟ್ಟಿದೆಯಾ?

ಹೊಸರುಚಿ:
ಹೌದು! ಪ್ರತಿ ತಿಂಗಳು ನಿಂಬೆಹಣ್ಣು ಹಾಕಿ ತೊಳೀತೀನಿ.

ಕೆಟಲ್‌ಮನೆ:
ಸಿಕ್ಕಿತು ಕಳ್ಳ. ಗಡಸು ನೀರಿನ ಸುಣ್ಣ ಟೀ ಜೊತೆ ಸೇರಿ ಆ ಪದರ ಕಟ್ಟುತ್ತದೆ. ಘಮವನ್ನೂ ಮಂಕು ಮಾಡುತ್ತದೆ. ಕುಡಿಯುವ ಕ್ಯಾನ್ ನೀರಲ್ಲಿ ಮಾಡಿ ನೋಡಿ.

ಜಾಲರಿ ಉಂಡೆಯನ್ನೂ ಪಕ್ಕಕ್ಕಿಡಿ. ಆ ಗೋಲಿ ಅಂದರೆ ಸುತ್ತಿಟ್ಟ ಇಡೀ ಎಲೆ, ಬಿಚ್ಚಿಕೊಳ್ಳೋಕೆ ಜಾಗ ಬೇಕು. ಲೋಟಕ್ಕೇ ಹಾಕಿ, ತಟ್ಟೆ ಮುಚ್ಚಿ, ಮಾಮೂಲಿ ಸೋಸುಕದಲ್ಲಿ ಸೋಸಿ. ಎಲೆ ಎಸೆಯಬೇಡಿ, ನಾಲ್ಕು ಸಲವಾದರೂ ಬರುತ್ತದೆ. ಎರಡನೇ ಸಲ ಒಂದೂವರೆ ನಿಮಿಷ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ನನಗಂತೂ ಎರಡನೆಯದೇ ಇಷ್ಟ, ಎಲೆ ಸರಿಯಾಗಿ ಬಿಚ್ಚಿಕೊಳ್ಳುವುದೇ ಆಗ.

ಹೊಸರುಚಿ:
ಬಂತು! ಕ್ಯಾನ್ ನೀರು, ಎರಡನೇ ಲೋಟ. ತಿಳಿ ಹೊಂಬಣ್ಣ, ನುಂಗಿದ ಮೇಲೂ ಗಂಟಲಲ್ಲಿ ಸಿಹಿ. ಗೋಲಿಗಳೆಲ್ಲ ದಂಟಿನ ಸಮೇತ ಎಲೆಯಾಗಿ ಲೋಟ ತುಂಬಿವೆ. ಅಮ್ಮ ಇಣುಕಿ, "ಇದೇನೇ, ಸೊಪ್ಪು ಬೇಯಿಸಿಟ್ಟಿದ್ದೀಯಾ?" ಅಂದರು.