‘ಹೈ’ ಅಂದರೆ ಬಿಸಿಯಾ? ಕಾರಿನ ‘ಟ್ರಬಲ್ ಕೋಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಾರಿನಲ್ಲಿ ಚೆಕ್ ಇಂಜಿನ್ ದೀಪ ಹತ್ತಿಕೊಂಡರೆ ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಒಂದು ಕೋಡ್ ಓದುತ್ತಾರಲ್ಲ, ಆ ‘ಟ್ರಬಲ್ ಕೋಡ್’ಗೆ ಕನ್ನಡದಲ್ಲಿ ಯಾವ ಪದ ಸರಿ ಹೋಗುತ್ತದೆ? ‘ದೋಷ ಸಂಕೇತ’ ಅಂತ ಬರೆದುಬಿಡಬಹುದು. ಆದರೆ ಆ ಪದ ಓದುವವರನ್ನು ದಾರಿ ತಪ್ಪಿಸುತ್ತದೆ ಅನ್ನೋದು ನನ್ನ ಅನುಮಾನ. ನಮ್ಮ ಬೀದಿಯ ಗ್ಯಾರೇಜಿನ ಹುಡುಗರಿಗೆ ಅಂತ ನಾಲ್ಕು ಪುಟದ ಒಂದು ಕನ್ನಡ ಪಟ್ಟಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದಿದ್ದೇನೆ.

ಅನುಮಾನ ಬಂದಿದ್ದು ನಮ್ಮ ಕಾರಿನಿಂದಲೇ. 2011ರ ಪೆಟ್ರೋಲ್ ಕಾರು, ಶಿವಮೊಗ್ಗದ ಮಳೆ ಚೆನ್ನಾಗಿ ತಿಂದಿದೆ. ಕಳೆದ ಮಳೆಗಾಲದಲ್ಲಿ ದೀಪ ಹತ್ತಿತು. ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ರೇಡಿಯೇಟರ್ ಫ್ಯಾನ್ ಶುರು, ನಿಲ್ಲೋದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ಸೈಲೆನ್ಸರಿನಿಂದ ಕಪ್ಪು ಹೊಗೆ. ಸ್ಕ್ಯಾನರಿನಲ್ಲಿ ಬಂದ ಕೋಡ್ ಪಿ0118. ಪಕ್ಕದಲ್ಲಿ ‘ಇಂಜಿನ್ ಕೂಲಂಟ್ ಟೆಂಪರೇಚರ್ ಸರ್ಕ್ಯೂಟ್ ಹೈ ಇನ್‌ಪುಟ್’ ಅಂತ ಇತ್ತು (ಕೂಲಂಟ್ ಅಂದರೆ ಇಂಜಿನ್ ತಣ್ಣಗಿಡುವ ದ್ರವ). ಕೆಲಸಕ್ಕಿದ್ದ ಹುಡುಗ ಓದಿ, “ಟೆಂಪರೇಚರ್ ಹೈ ತೋರಿಸ್ತಿದೆ ಸಾರ್, ಗಾಡಿ ಹೀಟ್ ಆಗ್ತಿದೆ” ಅಂದ. ಫ್ಯಾನ್ ಓಡುತ್ತಿದ್ದದ್ದೂ ಅವನ ಮಾತಿಗೆ ತಾಳೆಯಾಯಿತು. ಥರ್ಮೋಸ್ಟಾಟ್ ವಾಲ್ವ್ ಬದಲಾಯಿಸಿದರು, ಹೊಸ ಕೂಲಂಟ್ ತುಂಬಿದರು. ಎರಡೇ ದಿನಕ್ಕೆ ದೀಪ ಮತ್ತೆ ಹತ್ತಿತು.

ಅವನ ಓದಿನಲ್ಲಿ ತಪ್ಪೇನೂ ಇರಲಿಲ್ಲ. ‘ಹೈ’ ಯಾವುದಕ್ಕೆ ಸೇರಿದ್ದು ಅನ್ನೋದನ್ನು ಆ ಸಾಲು ಅವನಿಗೆ ಹೇಳಲಿಲ್ಲ, ಅಷ್ಟೇ. ಅದು ಬಿಸಿಗೆ ಸೇರಿದ್ದಲ್ಲ, ವೋಲ್ಟೇಜಿಗೆ ಸೇರಿದ್ದು. ಕೂಲಂಟ್ ಸೆನ್ಸರಿನ ಗುಣವೇ ತಿರುಗುಮುರುಗು. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಜಾಸ್ತಿ, ಬಿಸಿಯಾದ ಹಾಗೆ ಕಡಿಮೆ. ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್ ಇರುವುದು 80 ಡಿಗ್ರಿಗೆ ಬಂದಾಗ 300ರ ಆಸುಪಾಸಿಗೆ ಇಳಿಯುತ್ತದೆ. ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಅಂದರೆ ಇಸಿಯು, ಸೆನ್ಸರಿನ ತಂತಿಗೆ 5 ವೋಲ್ಟ್ ಕೊಟ್ಟು, ಸೆನ್ಸರ್ ಅದನ್ನು ಎಷ್ಟು ಕೆಳಗೆ ಎಳೆಯುತ್ತದೆ ಅಂತ ನೋಡುತ್ತದೆ. ತಂತಿ ಕಡಿದರೆ ಎಳೆಯುವವರೇ ಇಲ್ಲ, 5 ವೋಲ್ಟ್ ಹಾಗೇ ನಿಲ್ಲುತ್ತದೆ. ಇದೇ ‘ಹೈ’. ಇಸಿಯು ಕಣ್ಣಿಗೆ ಮಾತ್ರ ಅದು ಕೊರೆಯುವ ಚಳಿ! ನನ್ನ ಫೋನಿಗೆ ಬ್ಲೂಟೂತ್ ಸ್ಕ್ಯಾನರ್ ಜೋಡಿಸಿ ನೋಡಿದಾಗ, ಮುಟ್ಟಿದರೆ ಕೈ ಸುಡುವ ಇಂಜಿನ್ನಿಗೆ ಮೈನಸ್ 40 ಡಿಗ್ರಿ ಅಂತ ತೋರಿಸುತ್ತಿತ್ತು. ಅಳತೆ ನಂಬುವ ಹಾಗಿಲ್ಲ ಅಂತ ಗೊತ್ತಾದಾಗ ಇಸಿಯು ಇಂಜಿನ್ ಉಳಿಸಿಕೊಳ್ಳೋಕೆ ಫ್ಯಾನನ್ನು ಒಂದೇ ಸಮ ಓಡಿಸುತ್ತದೆ. ಇದರ ಜೋಡಿ ಪಿ0117, ‘ಲೋ ಇನ್‌ಪುಟ್’. ಅದು ಬಂದರೆ ಇಂಜಿನ್ ವಿಪರೀತ ಬಿಸಿ ಅಂತ ಅಳತೆ. ಎರಡೂ ಉಲ್ಟಾ, ಅಲ್ವಾ?

ಸೆನ್ಸರಿನ ಸಾಕೆಟ್ ಬಿಚ್ಚಿ, ಅದರ ಎರಡು ಬಾಯಿಗೆ ಒಂದು ತುಂಡು ವೈರ್ ಸೇರಿಸಿದೆ. ಅಳತೆ ತಟ್ಟನೆ 120 ಡಿಗ್ರಿ ದಾಟಿತು. ಅಂದರೆ ಇಸಿಯುವಿನಿಂದ ಸಾಕೆಟ್‌ವರೆಗಿನ ವೈರಿಂಗ್ ಗಟ್ಟಿಯಾಗಿದೆ. ಆಮೇಲೆ ಸೆನ್ಸರಿನ ಪಿನ್ ನೋಡಿದರೆ ಹಸಿರು ಕಿಲುಬು. ಉಜ್ಜಿ ತೆಗೆದು ಹಾಕಿದೆ, ಸರಿಹೋಯಿತು. ಹಳೆಯ ಸೆನ್ಸರೇ ಇವತ್ತಿಗೂ ಕೆಲಸ ಮಾಡುತ್ತಿದೆ.

ಹೀಗಾಗಿ ನನಗೆ ‘ದೂರು’ ಅನ್ನೋ ಪದ ಹತ್ತಿರ ಅನಿಸುತ್ತದೆ. ಪಿ0118 ಒಂದು ದೂರು. ದೂರು ಕೊಟ್ಟಿದ್ದು ಇಸಿಯು. “ಈ ತಂತಿಯಲ್ಲಿ ವೋಲ್ಟೇಜ್ ಜಾಸ್ತಿ ಇದೆ” ಅನ್ನೋದಷ್ಟೇ ಅದರ ಮಾತು. ತಪ್ಪು ಯಾರದು ಅಂತ ಅದು ಹೇಳಿಲ್ಲ. ಸ್ಟೇಷನ್ನಿಗೆ ದೂರು ಬಂದರೆ ವಿಚಾರಣೆ ಆಗಬೇಕು ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ‘ದೋಷ’ ಅಂದರೆ ಆಗಲೇ ತೀರ್ಮಾನ ಆಗಿಹೋದ ಹಾಗೆ ಕೇಳಿಸುತ್ತದೆ. ಗ್ಯಾರೇಜುಗಳಲ್ಲಿ ‘ಕೋಡ್ ಹೊಡೆದಿದೆ’ ಅಂದರೆ ‘ಸೆನ್ಸರ್ ಹೋಗಿದೆ’ ಅಂತಲೇ ಅರ್ಥ ಆಗಿಬಿಟ್ಟಿದೆ. ಆ ಅರ್ಥಕ್ಕೆ ಜನ ಸಾವಿರಗಟ್ಟಲೆ ದುಡ್ಡು ಕೊಡುತ್ತಿದ್ದಾರೆ.

‘ದೂರು’ ಒಪ್ಪಿಕೊಂಡರೆ ಅದರ ಬಳಗವೂ ಸಲೀಸಾಗಿ ಬರುತ್ತದೆ. ದೂರು ದಾಖಲಾದ ಗಳಿಗೆಯಲ್ಲಿ ಇಂಜಿನ್ ಎಷ್ಟು ಸುತ್ತುತ್ತಿತ್ತು, ಗಾಡಿ ಎಷ್ಟು ವೇಗದಲ್ಲಿತ್ತು, ಎಷ್ಟು ಬಿಸಿ ಇತ್ತು ಅನ್ನೋದನ್ನು ಇಸಿಯು ಬರೆದಿಟ್ಟುಕೊಳ್ಳುತ್ತದೆ. ಸ್ಕ್ಯಾನರಿನಲ್ಲಿ ಅದು ‘ಫ್ರೀಜ್ ಫ್ರೇಮ್’. ನಾನು ‘ಮಹಜರು’ ಅಂತ ಬರೆದೆ. ಹುಡುಗರಿಗೆ ಓದಿ ಹೇಳಿದಾಗ ತಕ್ಷಣ ಹಿಡಿದುಕೊಂಡರು. ನನಗೆ ತುಂಬ ಖುಷಿಯಾಯಿತು.

ಉಳಿದ ಕೆಲವು ಪದಗಳು ಇನ್ನೂ ತೂಗಾಡುತ್ತಿವೆ. ಪಿ0171 ಬಂದರೆ ‘ಸಿಸ್ಟಂ ಟೂ ಲೀನ್, ಬ್ಯಾಂಕ್ 1’. ಈ ‘ಬ್ಯಾಂಕ್’ ಅಂದರೆ ಸಿಲಿಂಡರುಗಳ ಸಾಲು, ಒಂದನೇ ಸಿಲಿಂಡರ್ ಇರುವ ಸಾಲು. ‘ಸಾಲು 1’ ಅಂದರೆ ಮುಗಿಯಿತು. ಗಾಳಿಗೆ ಬೆರೆತ ಪೆಟ್ರೋಲ್ ಕಡಿಮೆಯಾದರೆ ‘ಲೀನ್’, ಜಾಸ್ತಿಯಾದರೆ ‘ರಿಚ್’. ಇವಕ್ಕೆ ಮಜ್ಜಿಗೆಯ ಮಾತು ಸಾಕು ಅನಿಸುತ್ತದೆ: ‘ಹದ ತೆಳುವಾಗಿದೆ’, ‘ಹದ ಗಟ್ಟಿಯಾಗಿದೆ’. ಪೆಟ್ರೋಲ್ ಇಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದಲ್ಲಿ. ಪಾಕಕ್ಕೆ ಹದ ಅನ್ನುವವರಿಗೆ ಇದಕ್ಕೂ ಹದ ಅನ್ನೋದು ಕಷ್ಟವಲ್ಲ. ಈ ಕೋಡಿಗೂ ಜನ ಮೊದಲು ಬದಲಾಯಿಸೋದು ಆಕ್ಸಿಜನ್ ಸೆನ್ಸರನ್ನೇ. ಎಷ್ಟೋ ಸಲ ಸೀಳಿದ ಒಂದು ರಬ್ಬರ್ ಪೈಪು ಹೊರಗಿನ ಗಾಳಿ ಎಳೆಯುತ್ತಿರುತ್ತದೆ, ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ.

ಪಿ0301ರಿಂದ ಪಿ0304ರವರೆಗಿನ ‘ಮಿಸ್‌ಫೈರ್’ಗೆ ಹೊಸ ಪದ ಬೇಡ. ‘ಮಿಸ್ ಹೊಡೀತಿದೆ’ ಅನ್ನೋದು ನಮ್ಮದೇ ಮಾತಾಗಿದೆ. ಕೊನೆಯ ಅಂಕಿ ಯಾವ ಸಿಲಿಂಡರ್ ಅಂತ ಹೇಳುತ್ತದೆ. ‘ಸಂವೇದಕ’ವನ್ನೂ ನಾನು ಬಿಟ್ಟಿದ್ದೇನೆ, ಸೆನ್ಸರ್ ಸೆನ್ಸರೇ.

ನನ್ನನ್ನು ಜಾಸ್ತಿ ಕಾಡುತ್ತಿರೋದು ‘ಓಪನ್ ಸರ್ಕ್ಯೂಟ್’. ನಲ್ಲಿ ಓಪನ್ ಮಾಡಿದರೆ ನೀರು ಹರಿಯುತ್ತದೆ. ಸರ್ಕ್ಯೂಟ್ ಓಪನ್ ಆದರೆ ಕರೆಂಟ್ ನಿಲ್ಲುತ್ತದೆ. ‘ತೆರೆದ’ ಅಂತ ಬರೆದರೆ ಕಲಿಯುವವರಿಗೆ ಪೂರ್ತಿ ಉಲ್ಟಾ ಚಿತ್ರ ಸಿಗುತ್ತದೆ. ‘ಕಡಿದ’ ಅನ್ನೋಣ ಅಂದರೆ, ನಮ್ಮ ಕಾರಿನಲ್ಲಿ ಎಲ್ಲೂ ಕಡಿದಿರಲಿಲ್ಲ, ಕಿಲುಬು ಅಡ್ಡ ನಿಂತಿತ್ತು. ‘ಶಾರ್ಟ್ ಆಗಿದೆ’ ಅನ್ನೋದು ನಮ್ಮ ಕಡೆ ಕರೆಂಟಿನ ಎಲ್ಲ ತೊಂದರೆಗೂ ನಡೆಯುತ್ತದೆ, ಅದಂತೂ ಇಲ್ಲಿ ಆಗೋದೇ ಇಲ್ಲ.

ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯವರು ಹೇಳಿ: ತಂತಿ ಕಣ್ಣಿಗೆ ಸರಿಯಾಗೇ ಕಂಡು, ಒಳಗೆ ಕರೆಂಟ್ ದಾಟದೇ ಇದ್ದರೆ ನಿಮ್ಮ ಎಲೆಕ್ಟ್ರಿಷಿಯನ್‌ಗಳು, ಪಂಪ್‌ಸೆಟ್ ರಿಪೇರಿಯವರು ಏನಂತಾರೆ? ಅವರ ಬಾಯಲ್ಲಿ ಬರುವ ಹಾಗೆಯೇ ಬರೆದು ತಿಳಿಸಿ. ಜೊತೆಗೆ ‘ದೂರು’ ನಿಮಗೆ ಒಪ್ಪಿಗೆಯಾ ಅನ್ನೋದನ್ನೂ ಹೇಳಿ.