‘ಕ್ರಮೇಣ’ ಪದದ ಮೊದಲ ಅಕ್ಷರ ಒಡೆಯುವುದೇಕೆ?

ಪುಟಸಜ್ಜು: ಕಥೆಗಳ ಜಾಲತಾಣವೊಂದರಲ್ಲಿ ಪ್ರತಿ ಅಧ್ಯಾಯದ ಮೊದಲ ಅಕ್ಷರವನ್ನು ಮೂರು ಸಾಲುಗಳ ಎತ್ತರಕ್ಕೆ ತೋರಿಸಲು ಸಿಎಸ್‌ಎಸ್‌ನ (ಪುಟದ ರೂಪವನ್ನು ನಿರ್ಧರಿಸುವ ಭಾಷೆಯ) ‘ಫಸ್ಟ್-ಲೆಟರ್’ ಎಂಬ ಸ್ಯೂಡೋ-ಎಲಿಮೆಂಟನ್ನು, ಅಂದರೆ ಪಠ್ಯವನ್ನು ಮುಟ್ಟದೆ ಅದರ ಒಂದು ಭಾಗಕ್ಕಷ್ಟೇ ಶೈಲಿ ಕೊಡುವ ಸೌಲಭ್ಯವನ್ನು, ಬಳಸಿದ್ದೇನೆ. ‘ಮಳೆ’ ಎಂದು ಶುರುವಾಗುವ ಅಧ್ಯಾಯ ಸರಿಯಾಗಿಯೇ ಕಾಣುತ್ತದೆ. ‘ಕ್ರಮೇಣ’ ಎಂದು ಶುರುವಾಗುವಲ್ಲಿ ಮಾತ್ರ ‘ಕ್’ ದೊಡ್ಡದಾಗಿ ನಿಂತು, ‘ರಮೇಣ’ ಎಂಬುದು ಪಕ್ಕದಲ್ಲಿ ಉಳಿದುಬಿಡುತ್ತದೆ. ಎರಡು ದಿನ ಹುಡುಕಿದರೂ ಕೋಡಿನಲ್ಲಿ ತಪ್ಪು ಸಿಗಲಿಲ್ಲ.

ಸಾಲುಗಾರ: ಮೊದಲು ಆ ಪ್ಯಾರಾದ ‘ಡಿಸ್‌ಪ್ಲೇ’ ಮೌಲ್ಯವನ್ನು, ಅಂದರೆ ಅದು ಪುಟದಲ್ಲಿ ಯಾವ ಬಗೆಯಲ್ಲಿ ಜೋಡಣೆಯಾಗಬೇಕೆಂದು ಹೇಳುವ ಸಿಎಸ್‌ಎಸ್ ಸಾಲನ್ನು, ನೋಡಿ. ಇನ್‌ಲೈನ್ ಅಥವಾ ಫ್ಲೆಕ್ಸ್ ಆಗಿದ್ದರೆ ಫಸ್ಟ್-ಲೆಟರ್ ಅನ್ವಯಿಸುವುದಿಲ್ಲ. ‘ಬಿಫೋರ್’ ಎಂಬ ಇನ್ನೊಂದು ಸ್ಯೂಡೋ-ಎಲಿಮೆಂಟ್ ಮೂಲಕ ಪ್ಯಾರಾದ ಆರಂಭದಲ್ಲಿ ಏನನ್ನಾದರೂ ಸೇರಿಸಿದ್ದರೆ ಆ ಪಠ್ಯವೂ ಲೆಕ್ಕಕ್ಕೆ ಬರುತ್ತದೆ, ಆಗ ದೊಡ್ಡದಾಗುವುದು ಕಥೆಯ ಅಕ್ಷರವಲ್ಲ.

ಪುಟಸಜ್ಜು: ಪ್ಯಾರಾ ಬ್ಲಾಕ್ ಆಗಿದೆ, ಬಿಫೋರ್ ಬಳಸಿಲ್ಲ.

ಕಾಗುಣಿತ: ಡಿಸ್‌ಪ್ಲೇ ಕಾರಣವಾಗಿದ್ದರೆ ‘ಮಳೆ’ಯೂ ಕೆಡುತ್ತಿತ್ತು. ನಮಗೆ ‘ಕ್ರ’ ಒಂದೇ ಅಕ್ಷರ. ಕಂಪ್ಯೂಟರ್‌ಗಳು ಎಲ್ಲ ಲಿಪಿಗಳಿಗೂ ಬಳಸುವ ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ ಅದು ಕ, ವಿರಾಮ (ವ್ಯಂಜನದ ಸ್ವರವನ್ನು ತೆಗೆಯುವ ‘್’ ಚಿಹ್ನೆ), ರ ಎಂಬ ಮೂರು ಸಂಕೇತಗಳ ಸರಣಿ. ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಯೂನಿಕೋಡ್‌ನ ಸಾಮಾನ್ಯ ನಿಯಮ ವಿರಾಮವನ್ನು ಹಿಂದಿನ ವ್ಯಂಜನಕ್ಕೆ ಅಂಟಿಸಿ ಅಲ್ಲಿಗೇ ನಿಲ್ಲುತ್ತದೆ, ಒತ್ತಕ್ಷರ ಹೊರಗುಳಿಯುತ್ತದೆ. ‘ಸ್ತ್ರೀ’ ಎಂದು ಬರೆದರೆ ಇನ್ನೂ ಕೆಟ್ಟದಾಗಿ, ಸ್, ತ್, ರೀ ಎಂದು ಮೂರು ಹೋಳಾಗುತ್ತದೆ. 2023ರ ಯೂನಿಕೋಡ್ 15.1 ಆವೃತ್ತಿಯಲ್ಲಿ ಸಂಯುಕ್ತಾಕ್ಷರಗಳನ್ನು ಒಡೆಯದಂತೆ ಹೊಸ ನಿಯಮವೊಂದನ್ನು ಸೇರಿಸಿದರು. ಆ ಪಟ್ಟಿಯಲ್ಲಿ ದೇವನಾಗರಿ, ತೆಲುಗು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಸಾಲುಗಾರ: ಹಾಗಾದರೆ ನನ್ನ ಊಹೆ ತಪ್ಪು. ಫಸ್ಟ್-ಲೆಟರ್ ಬಿಟ್ಟು, ಮೊದಲ ಅಕ್ಷರವನ್ನು ‘ಸ್ಪ್ಯಾನ್’ ಎಂಬ ಎಚ್‌ಟಿಎಂಎಲ್ ಟ್ಯಾಗ್ ಒಳಗಿಟ್ಟು, ಶೈಲಿ ಹಚ್ಚಲು ಅದಕ್ಕೊಂದು ಕ್ಲಾಸ್ (ಹೆಸರು) ಕೊಡುವುದೇ ದಾರಿ.

ಕಿವಿಯೋದು: ಇದನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಪದವನ್ನು ಸ್ಪ್ಯಾನ್‌ನಿಂದ ಎರಡು ಭಾಗ ಮಾಡಿದಾಗ ಕೆಲವು ಸ್ಕ್ರೀನ್ ರೀಡರ್‌ಗಳು (ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳು) ಅದನ್ನು ಎರಡು ಪದಗಳಂತೆ ಓದುತ್ತವೆ. ಕಣ್ಣಿಗೆ ಅಂದವಾಗಲೆಂದು, ಕೇಳಿ ಓದುವವರಿಗೆ ಕಥೆಯ ಮೊದಲ ಪದವನ್ನೇ ಕೆಡಿಸುವುದು ಸರಿಯೇ? ಶೈಲಿಯನ್ನು ಸಿಎಸ್‌ಎಸ್‌ನಲ್ಲೇ ಇಡಬೇಕೆಂಬ ಕಾರಣಕ್ಕೇ ಅಲ್ಲವೇ ಸ್ಯೂಡೋ-ಎಲಿಮೆಂಟ್‌ಗಳು ಇರುವುದು?

ಕಾಗುಣಿತ: ಆಕ್ಷೇಪ ನ್ಯಾಯವಾದದ್ದು. ಭಾಷೆಯ ರೂಢಿಗೆ ತಕ್ಕಂತೆ ಅಕ್ಷರದ ಗಡಿಯನ್ನು ಹೊಂದಿಸಿಕೊಳ್ಳಲು ಸಿಎಸ್‌ಎಸ್ ನಿರ್ದಿಷ್ಟ ವಿವರಣೆಯೇ ಬ್ರೌಸರ್‌ಗಳಿಗೆ ಅವಕಾಶ ಕೊಟ್ಟಿದೆ, ಆದ್ದರಿಂದ ದೋಷವರದಿ ಸಲ್ಲಿಸೋಣ. ಪುಟದ ಭಾಷೆಯನ್ನು ತಿಳಿಸುವ ‘ಲ್ಯಾಂಗ್’ ಗುಣದಲ್ಲಿ ಕನ್ನಡವನ್ನು ನಮೂದಿಸಿರಬೇಕು. ಆದರೆ ಪುಟಸಜ್ಜು ಅವರ ಅಧ್ಯಾಯ ಅಲ್ಲಿಯವರೆಗೆ ಕಾಯಲಾರದು. ಒಡೆದ ‘ಕ್ರ’ ಕನ್ನಡ ಓದುವವರಿಗೆ ತಪ್ಪು ಕಾಗುಣಿತವಾಗಿಯೇ ಕಾಣುತ್ತದೆ. ಒತ್ತಕ್ಷರದಿಂದ ಶುರುವಾಗುವ ಅಧ್ಯಾಯಗಳಿಗಷ್ಟೇ ಸ್ಪ್ಯಾನ್ ಬಳಸಿ, ಸ್ಕ್ರೀನ್ ರೀಡರ್‌ನಲ್ಲಿ ಕೇಳಿ ಪರೀಕ್ಷಿಸಬಹುದು.

ಪುಟಸಜ್ಜು: ಸ್ಪ್ಯಾನ್ ಹಾಕಬೇಕಾದ ಅಕ್ಷರವನ್ನು ಗುರುತಿಸಲು ವ್ಯಂಜನ, ವಿರಾಮ, ಮತ್ತೆ ವ್ಯಂಜನ, ಇದ್ದರೆ ಕೊನೆಗೆ ಸ್ವರಚಿಹ್ನೆ ಎಂಬ ಕ್ರಮವನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬರೆದೆ. ‘ಕ್ರಮೇಣ’, ‘ಸ್ತ್ರೀ’ ಎರಡೂ ಸರಿಯಾದವು. ‘ರ‍್ಯಾಂಕ್’ ಮಾತ್ರ ಇನ್ನೂ ಒಡೆಯುತ್ತಿದೆ.

ಕಾಗುಣಿತ: ಅದರಲ್ಲಿ ರಕಾರಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಇರುತ್ತದೆ, ಅದರ ಸಂಕೇತ 200ಡಿ. ವಿರಾಮದ ಮುಂಚೆ ಅದು ಬಂದರೂ ಬರಬಹುದು ಎಂದು ನಿಮ್ಮ ಸಾಲಿನಲ್ಲಿ ಸೇರಿಸಿ.

ಪುಟಸಜ್ಜು: ಸೇರಿಸಿದೆ, ಈಗ ‘ರ‍್ಯಾ’ ಇಡಿಯಾಗಿ ನಿಂತಿದೆ. ಕಿವಿಯೋದು ಅವರೇ, ಪರೀಕ್ಷಾಪುಟವನ್ನು ನಿಮ್ಮ ಸ್ಕ್ರೀನ್ ರೀಡರ್‌ನಲ್ಲಿ ಒಮ್ಮೆ ಕೇಳಿ ನೋಡುತ್ತೀರಾ? ಪದ ಒಡೆದು ಕೇಳಿಸಿದರೆ ಆ ಅಧ್ಯಾಯಗಳಲ್ಲಿ ದೊಡ್ಡ ಅಕ್ಷರವನ್ನೇ ತೆಗೆಯುತ್ತೇನೆ.